ಡಿಫರೆನ್ಷಿಯಲ್ ಬಿಚ್ಚುವ ಮುನ್ನ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ರೈತರ ಸಭೆಯೊಂದರಲ್ಲಿ ಆಡಿದ ಮಾತು. ಸಭೆಗೆ ಬಾರದ ಓದುಗರಿಗಾಗಿ ಬರವಣಿಗೆಗೆ ಇಳಿಸಿದ್ದು.)



ಈ ಪುಟಗಳಲ್ಲಿ ನೀವು ಬೆಲೆಯ ಬಗ್ಗೆ ಓದುತ್ತೀರಿ, ಸಾಲದ ಬಗ್ಗೆ ಓದುತ್ತೀರಿ. ಇವತ್ತು ನಾನು ಸ್ಪ್ಯಾನರು, ಪುಲ್ಲರು, ಗೇಜುಗಳ ಬಗ್ಗೆ ಮಾತಾಡ್ತೀನಿ. ಇದೇನಪ್ಪ ಗ್ಯಾರೇಜಿನ ಪುರಾಣ ಅಂತ ಪುಟ ಮಗುಚಬೇಡಿ. ಸಾಲ ಅನ್ನೋದು ಬ್ಯಾಂಕಿನ ಬಾಗಿಲಿಂದ ಮಾತ್ರ ಮನೆಗೆ ಬರುವುದಿಲ್ಲ. ಟ್ರ್ಯಾಕ್ಟರಿನ ಹಿಂದಿನ ಹೌಸಿಂಗಿನಿಂದಲೂ ಬರುತ್ತದೆ. ನನ್ನ ಮನೆಗೆ ಬಂದದ್ದು ಹಾಗೆಯೇ. ಅದರ ಲೆಕ್ಕವನ್ನು ಬಿಚ್ಚಿ ಹೇಳುತ್ತೇನೆ, ಕೇಳಿ.

ನಮ್ಮದು ಕಪಿಲೆಯ ದಂಡೆಯ ಊರು. ಅತ್ತ ನಂಜನಗೂಡು, ಇತ್ತ ನರಸೀಪುರ. ಭತ್ತ, ಬಾಳೆ, ಸ್ವಲ್ಪ ಕಬ್ಬು. ಕೆಲವು ವರ್ಷದ ಹಿಂದೆ, ನಾಲೆಗೆ ನೀರು ಬಿಟ್ಟು ಗದ್ದೆ ಕೆಸರು ಮಾಡುವ ಸಮಯಕ್ಕೆ ಸರಿಯಾಗಿ ನನ್ನ ಟ್ರ್ಯಾಕ್ಟರಿನ ಹಿಂದೆ ಗೊರಗೊರ ಸದ್ದು ಶುರುವಾಯಿತು. ಎಣ್ಣೆ ಇಳಿಸಿ ನೋಡಿದರೆ ಅದರಲ್ಲಿ ಕಬ್ಬಿಣದ ಚೂರು. ಡಿಫರೆನ್ಷಿಯಲ್ ಹೋಗಿತ್ತು. ನಮ್ಮ ಕಡೆ ಬಾಯಲ್ಲಿ ಡಿಫ್ರೆನ್ಸಲ್ ಅಂತೀವಲ್ಲ, ಅದು.

ಗ್ಯಾರೇಜಿನವರು ಕೇಳಿದ ಕೂಲಿ ಜಾಸ್ತಿ ಅನ್ನಿಸಿತು. ಬಿಚ್ಚಿದ್ದನ್ನು ಜೋಡಿಸೋಕೆ ಇಷ್ಟು ದುಡ್ಡಾ, ನಾವೇ ಮಾಡೋಣ ಅಂತ ಹೊಂಗೆ ಮರದ ಕೆಳಗೆ ಬಿಚ್ಚಿದೆವು. ನಾನು, ನನ್ನ ಭಾಮೈದ. ಇದ್ದ ಸಾಮಾನು ಒಂದು ಸೆಟ್ ಸ್ಪ್ಯಾನರು, ಒಂದು ಸುತ್ತಿಗೆ, ಒಂದು ಉಳಿ, ಒಂದು ಜಾಕಿ. ಬೇರಿಂಗುಗಳನ್ನು ಉಳಿ ಇಟ್ಟು ಹೊಡೆದು ತೆಗೆದೆವು. ಯಾವ ಷಿಮ್ ಯಾವ ಕಡೆ ಇತ್ತು ಅಂತ ಗುರುತು ಮಾಡಲಿಲ್ಲ. ಹೊಸ ಕ್ರೌನ್ ಪಿನಿಯನ್ ತಂದು ಕೂರಿಸಿ, ಬೋಲ್ಟುಗಳನ್ನು ಕೈ ಬಲ ಇದ್ದಷ್ಟು ಬಿಗಿದೆವು. ಗಾಡಿ ಓಡಿತು. ಊರೆಲ್ಲ ಶಹಬಾಸ್ ಅಂತು. ಇಪ್ಪತ್ತಮೂರನೆಯ ದಿನ ಕೆಸರು ಗದ್ದೆಯ ನಡುವೆ ಹಲ್ಲು ಮುರಿದು ನಿಂತಿತು.

ಮೊದಲ ಸಲ ಸಾಮಾನಿಗೆ, ಎಣ್ಣೆಗೆ ಕೊಟ್ಟದ್ದು 17,500 ರೂಪಾಯಿ. ಅದು ಭತ್ತ ಮಾರಿದ ದುಡ್ಡು. ಎರಡನೆಯ ಸಲ ಮತ್ತೆ ಸಾಮಾನಿಗೆ 16,000, ಲೇತು ಮತ್ತು ಕೂಲಿಗೆ 6,500, ನಾಟಿ ನಿಲ್ಲಬಾರದೆಂದು ಬೇರೆಯವರ ಟ್ರ್ಯಾಕ್ಟರಿನ ಬಾಡಿಗೆಗೆ 9,000. ಒಟ್ಟು 31,500. ಅದರಲ್ಲಿ 30,000 ಕೈಸಾಲ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 900. ತೀರಿಸಲು 14 ತಿಂಗಳು ಹಿಡಿಯಿತು, ಬಡ್ಡಿಯೇ 12,600. ಎಲ್ಲ ಕೂಡಿಸಿದರೆ 61,600 ರೂಪಾಯಿ. 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369. ಆ ಬೆಲೆ ಕೈಗೆ ಪೂರಾ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಆಗಲೂ ಒಂದು ಡಿಫರೆನ್ಷಿಯಲ್ ನನ್ನ 26 ಕ್ವಿಂಟಾಲ್ ಭತ್ತ ತಿಂದಿತು.

ತಪ್ಪು ಎಲ್ಲಿ ಆಯಿತು? ಮನೆಯಲ್ಲಿ ರಿಪೇರಿ ಮಾಡಿದ್ದು ತಪ್ಪಲ್ಲ. ಅಳೆಯದೆ ಮಾಡಿದ್ದು ತಪ್ಪು. ಇದನ್ನು ನನಗೆ ಮನಗಾಣಿಸಿದವರು ನರಸೀಪುರದ ಕಡೆಯ ಒಬ್ಬ ಹಿರಿಯ ಮೇಸ್ತ್ರಿ. ಎರಡನೆಯ ಸಲ ಅವರೇ ಬಂದು ಕೂತು ಮಾಡಿಸಿದರು. ಬಂದವರೇ ಕೇಳಿದ್ದು ಸುತ್ತಿಗೆಯನ್ನಲ್ಲ. "ಬಾಳೆಗೊನೆ ತೂಗೋ ಸ್ಪ್ರಿಂಗ್ ತಕ್ಕಡಿ ಅದಾ ಕಣಪ್ಪ ಮನೇಲಿ?" ಅಂದರು. "ಅದ ಮೇಸ್ತ್ರಿ, ಅದ್ಯಾಕೆ?" ಅಂದೆ. "ತತ್ತಾ. ನಿನ್ ಗೊನೆ ತೂಗುವಾಗ ಮುಳ್ಳು ನೋಡ್ದೆ ವ್ಯಾಪಾರಿ ಮಾತು ನಂಬ್ತೀಯಾ? ಹಂಗಾದ್ರೆ ಬೇರಿಂಗ್ ಮಾತ್ರ ಕೈ ಅಂದಾಜಲ್ಲಿ ಯಾಕೆ ಬಿಗಿದೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮುಂದೆ ಹೋಗುವ ಮೊದಲು ಈ ಯಂತ್ರ ಏಕೆ ಬೇಕು ಅನ್ನುವುದನ್ನು ನೋಡೋಣ. ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಇಲ್ಲ. ಎಳೆಯುವುದು ಎತ್ತು, ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ಬೇರೆ ಬೇರೆಯಾಗಿ ಉರುಳುತ್ತವೆ. ಟ್ರ್ಯಾಕ್ಟರಿನಲ್ಲಿ ಹಾಗಲ್ಲ, ಎಂಜಿನ್ನು ಎರಡು ಗಾಲಿಗೂ ಬಲ ಕೊಡಬೇಕು. ಹಿಂದಿನ ಎರಡು ಗಾಲಿಗಳ ನಡುವೆ 1.3 ಮೀಟರ್ ಅಂತರವಿದ್ದರೆ, ಬದುವಿನ ಹತ್ತಿರ ಒಂದು ಸಲ ವಾಪಸು ತಿರುಗಿಸುವಾಗ ಹೊರಗಾಲಿ ಒಳಗಾಲಿಗಿಂತ ಸುಮಾರು 13 ಅಡಿ ಹೆಚ್ಚು ಉರುಳಬೇಕು. ಎರಡಕ್ಕೂ ಬಲ ಕೊಡಬೇಕು, ಹೆಚ್ಚು ಕಡಿಮೆ ಉರುಳಲೂ ಬಿಡಬೇಕು. ಈ ಕೆಲಸವನ್ನು ಒಳಗಿರುವ ನಾಲ್ಕಾರು ಗೇರುಗಳು ಮಾಡುತ್ತವೆ. ಎಂಜಿನ್ ಕಡೆಯಿಂದ ಬರುವ ಸಣ್ಣ ಗೇರು ಪಿನಿಯನ್. ಅದು ತಿರುಗಿಸುವ ದೊಡ್ಡ ತಟ್ಟೆ ಕ್ರೌನ್. ಕ್ರೌನಿಗೆ ಬೋಲ್ಟು ಹಾಕಿದ ಗೂಡಿನೊಳಗೆ ಸಣ್ಣ ಗೇರುಗಳು, ಅವುಗಳಿಂದ ಎರಡು ಕಡೆಗೆ ಆಕ್ಸಲ್.

ಇವೆಲ್ಲ ನಿಂತಿರುವುದು ಅಳತೆಯ ಮೇಲೆ. ಕ್ರೌನಿನ ಹಲ್ಲಿಗೂ ಪಿನಿಯನ್ ಹಲ್ಲಿಗೂ ನಡುವೆ ಸ್ವಲ್ಪ ಸಡಿಲ ಇರಬೇಕು. ಅದಕ್ಕೆ ಬ್ಯಾಕ್‌ಲ್ಯಾಷ್ ಅನ್ನುತ್ತಾರೆ. ಅನೇಕ ಗಾಡಿಗಳಲ್ಲಿ ಅದು 0.15ರಿಂದ 0.25 ಮಿಲಿಮೀಟರ್ ಆಸುಪಾಸು. ತಲೆಗೂದಲು ಸುಮಾರು 0.07 ಮಿಲಿಮೀಟರ್ ದಪ್ಪ ಅಂದರೆ, ಎರಡು ಮೂರು ಕೂದಲಿನಷ್ಟು ಜಾಗ. ಅದಕ್ಕಿಂತ ಬಿಗಿಯಾದರೆ ಹಲ್ಲುಗಳ ನಡುವೆ ಎಣ್ಣೆ ನಿಲ್ಲುವುದಿಲ್ಲ, ಕಾದು ಸವೆಯುತ್ತದೆ. ಸಡಿಲವಾದರೆ ಪ್ರತಿ ಸಲ ಭಾರ ಬಿದ್ದಾಗಲೂ ಹಲ್ಲು ಹಲ್ಲಿಗೆ ಬಡಿದು ಕೊನೆಗೆ ಮುರಿಯುತ್ತದೆ. ಎರಡು ಮೂರು ಕೂದಲಿನ ದಪ್ಪವನ್ನು ನಮ್ಮ ಕಣ್ಣು ಹೇಳಲಾರದು, ಬೆರಳೂ ಹೇಳಲಾರದು.

ಹಾಗಾದರೆ ಯಾವ ಯಾವ ಸಾಮಾನು ಬೇಕು? ಮೂರು ಬಗೆ ಮಾಡಿ ಹೇಳುತ್ತೇನೆ. ಕೊಳ್ಳಲೇಬೇಕಾದವು, ನಾವೇ ಮಾಡಿಕೊಳ್ಳಬಹುದಾದವು, ಬಾಡಿಗೆಗೆ ತರಬೇಕಾದವು.

ಮೊದಲು ಕೊಳ್ಳಲೇಬೇಕಾದವು. ಒಂದನೆಯದು ಡಯಲ್ ಗೇಜು, ಅದನ್ನು ಹಿಡಿಯುವ ಅಯಸ್ಕಾಂತದ ಸ್ಟ್ಯಾಂಡು. ಗಡಿಯಾರದಂತಿರುತ್ತದೆ, ಒಂದೊಂದು ಗೆರೆಗೂ ಮಿಲಿಮೀಟರಿನ ನೂರನೆಯ ಒಂದು ಭಾಗ. ಇದರ ಮೊನೆಯನ್ನು ಕ್ರೌನಿನ ಹಲ್ಲಿಗೆ ನೇರವಾಗಿ ತಾಗಿಸಿ, ಪಿನಿಯನ್ ಅಲುಗದಂತೆ ಹಿಡಿದು, ಕ್ರೌನನ್ನು ಕೈಯಿಂದ ಹಿಂದೆ ಮುಂದೆ ಅಲುಗಿಸಿದರೆ ಮುಳ್ಳು ಎಷ್ಟು ಓಡಿತೋ ಅಷ್ಟು ಸಡಿಲ. ಕ್ರೌನಿನ ಸುತ್ತ ನಾಲ್ಕು ಕಡೆ ನೋಡಬೇಕು. ನಾಲ್ಕೂ ಕಡೆ ಬೇರೆ ಬೇರೆ ಬಂದರೆ ಕ್ರೌನ್ ಸಪಾಟಾಗಿ ಕೂತಿಲ್ಲ, ಅಡಿಯಲ್ಲಿ ಕಸವೋ ಉಬ್ಬೋ ಇದೆ ಎಂದು ಅರ್ಥ.

ಎರಡನೆಯದು ಮೈಕ್ರೋಮೀಟರು, ಷಿಮ್ಮುಗಳ ದಪ್ಪ ಅಳೆಯಲು. ಮೂರನೆಯದು ಪುಲ್ಲರು, ಎರಡು ಬಗೆ. ಕಾಲುಗಳಿರುವ ಮಾಮೂಲು ಪುಲ್ಲರು ಒಂದು. ಬೇರಿಂಗಿನ ಅಡಿಗೆ ಎರಡು ಕಡೆಯಿಂದ ನುಗ್ಗಿ ಎತ್ತುವ ಎರಡು ಹೋಳಿನ ಪುಲ್ಲರು ಇನ್ನೊಂದು. ಪಿನಿಯನ್ ಬೇರಿಂಗಿಗೆ ಈ ಎರಡನೆಯದೇ ಆಗಬೇಕು. ಉಳಿ ಇಟ್ಟು ಹೊಡೆದರೆ ಬೇರಿಂಗೂ ಹೋಯಿತು, ಅದು ಕೂರುವ ಜಾಗವೂ ಗಾಯವಾಯಿತು. ಆಮೇಲೆ ಫೀಲರ್ ಗೇಜು, ಸರ್ಕ್ಲಿಪ್ ಪ್ಲೈಯರು, ಗುರುತು ಹಾಕುವ ಪಂಚುಗಳು, ಹಿತ್ತಾಳೆಯ ರಾಡು, ಗಟ್ಟಿಯಾದ ಸಾಕೆಟ್ಟುಗಳು ಮತ್ತು ಅವುಗಳ ಹಿಡಿ. ಹಿತ್ತಾಳೆ ಏಕೆ? ಹೊಡೆಯಲೇಬೇಕಾದ ಕಡೆ ಹಿತ್ತಾಳೆ ತಾನು ಜಜ್ಜಿಕೊಳ್ಳುತ್ತದೆಯೇ ಹೊರತು ಬೇರಿಂಗಿನ ಉಕ್ಕನ್ನು ಚಕ್ಕೆ ಏಳಿಸುವುದಿಲ್ಲ.

ಇನ್ನು ನಾವೇ ಮಾಡಿಕೊಳ್ಳಬಹುದಾದವು. ಪಿನಿಯನ್ ಫ್ಲೇಂಜನ್ನು ತಿರುಗದಂತೆ ಹಿಡಿಯಲು ಮೂರಡಿ ಪಟ್ಟಿ ಕಬ್ಬಿಣಕ್ಕೆ ಎರಡು ತೂತು ಕೊರೆಸಿಕೊಂಡರೆ ಸಾಕು, ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ. ಹೌಸಿಂಗನ್ನು ಮತ್ತೆ ಜೋಡಿಸುವಾಗ ದಾರಿ ತೋರಿಸಲು ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ ಇಟ್ಟುಕೊಳ್ಳಿ. ಬೇರಿಂಗಿನ ಹೊಸ ಹೊರಬಳೆಯನ್ನು ಕೂರಿಸಲು ಹಳೆಯ ಹೊರಬಳೆಯನ್ನೇ ಸುತ್ತ ಸ್ವಲ್ಪ ಉಜ್ಜಿ ಸಣ್ಣ ಮಾಡಿಕೊಂಡರೆ ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಹಳೆಯದು ಹೊಸದನ್ನು ಕೂರಿಸಿ ತಾನು ಹೊರಗೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಸಾಧನ ನಿಮ್ಮ ಮನೆಯ ಸ್ಪ್ರಿಂಗ್ ತಕ್ಕಡಿ. ಅದರಿಂದ ಎರಡು ಕೆಲಸ ಆಗುತ್ತವೆ.

ಒಂದು, ಬೋಲ್ಟಿನ ಬಿಗಿ ಅಳೆಯುವುದು. ಇದಕ್ಕೆ ಟಾರ್ಕ್ ರೆಂಚ್ ಬೇಕು ಅನ್ನುತ್ತಾರೆ. ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಸಾಕೆಟ್ ಹಿಡಿಗೆ ಪೈಪು ಹಾಕಿ, ಬೋಲ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪೈಪಿಗೆ ಅಡ್ಡವಾಗಿ, ಮೂಲೆಮಟ್ಟದಂತೆ ನೇರಕ್ಕೆ, ಮಲಗಿಸಿ ಎಳೆಯಿರಿ. ಮುಳ್ಳು 9 ಕೆ.ಜಿ. ತೋರಿಸಿದರೆ ಬಿಗಿ 9 ಕೆ.ಜಿ. ಮೀಟರ್. ಅರ್ಧ ಮೀಟರ್ ಪೈಪಾದರೆ ಅಷ್ಟೇ ಬಿಗಿಗೆ 18 ಕೆ.ಜಿ. ಎಳೆಯಬೇಕು. ಈಗಿನ ಪುಸ್ತಕಗಳಲ್ಲಿ ನ್ಯೂಟನ್ ಮೀಟರ್ ಎಂದು ಕೊಟ್ಟಿರುತ್ತಾರೆ, ಅದನ್ನು 9.8ರಿಂದ ಭಾಗಿಸಿ. 88 ನ್ಯೂಟನ್ ಮೀಟರ್ ಅಂದರೆ ಹತ್ತಿರ ಹತ್ತಿರ 9 ಕೆ.ಜಿ. ಮೀಟರ್. ಏಳನೇ ಕ್ಲಾಸಿನ ಲೆಕ್ಕ ಇದು, ನಮ್ಮ ಮಕ್ಕಳೇ ಮಾಡಿಕೊಡುತ್ತಾರೆ.

ಎರಡು, ಪಿನಿಯನ್ ಬೇರಿಂಗಿನ ಬಿಗಿ ನೋಡುವುದು. ಈ ಬೇರಿಂಗುಗಳನ್ನು ಅಲುಗಾಟ ಹೋದ ಮೇಲೆ ಇನ್ನೂ ಒಂದಿಷ್ಟು ಅದುಮಿ ಕೂರಿಸಬೇಕು. ಎಷ್ಟು ಅದುಮಬೇಕು ಎಂಬುದರಲ್ಲೇ ಕಸುಬು ಇರುವುದು. ಫ್ಲೇಂಜಿನ ಸುತ್ತ ದಾರ ಸುತ್ತಿ, ತುದಿಗೆ ತಕ್ಕಡಿ ಕಟ್ಟಿ ನಿಧಾನವಾಗಿ ಎಳೆಯಿರಿ. ಪಿನಿಯನ್ ಒಂದೇ ಸಮ ತಿರುಗುತ್ತಿರುವಾಗ ಮುಳ್ಳು ನೋಡಿ, ಮೊದಲು ಕಿತ್ತು ಹೊರಡುವಾಗಿನ ಅಂಕಿ ಬೇಡ. ನಡುವಿನಿಂದ ದಾರದವರೆಗೆ 4 ಸೆಂಟಿಮೀಟರ್, ತಕ್ಕಡಿ ತೋರಿಸಿದ್ದು 4 ಕೆ.ಜಿ. ಅನ್ನಿ. ಆಗ 16 ಕೆ.ಜಿ. ಸೆಂಟಿಮೀಟರ್. ಇದಕ್ಕೆ 10 ಕೆ.ಜಿ.ಯ ಸಣ್ಣ ತಕ್ಕಡಿ ಆಗಬೇಕು. ಗೊನೆ ತೂಗುವ ದೊಡ್ಡದರಲ್ಲಿ ಸಣ್ಣ ಅಂಕಿ ಸರಿಯಾಗಿ ಕಾಣುವುದಿಲ್ಲ. ನಾನು ಹೇಳಿದ ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಗಾಡಿಯ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ, ಅದನ್ನೇ ಹಿಡಿಯಬೇಕು.

ಬಾಡಿಗೆಗೆ ತರಬೇಕಾದದ್ದು ಚೈನ್ ಬ್ಲಾಕು ಮತ್ತು ಗಟ್ಟಿ ಸ್ಟ್ಯಾಂಡುಗಳು. ಇಲ್ಲಿ ಜಿಪುಣತನ ಬೇಡ. ಟ್ರ್ಯಾಕ್ಟರಿನ ಹಿಂದಿನ ಹೌಸಿಂಗು ಬಹಳ ತೂಕ. ಜಾಕಿಯ ಮೇಲೆ ಮಾತ್ರ ನಿಲ್ಲಿಸಿದ, ಕಲ್ಲು ಇಟ್ಟಿಗೆ ಕೊಟ್ಟು ನಿಲ್ಲಿಸಿದ ಗಾಡಿಯ ಕೆಳಗೆ ಕೈ ಇಡಬೇಡಿ. ಗೇರು ಹೋದರೆ ಸಾಲ, ಮನುಷ್ಯ ಹೋದರೆ ಸಂಸಾರವೇ ಹೋಯಿತು.

ಸಾಮಾನು ಸಿಕ್ಕ ಮೇಲೆ ಕೆಲಸದ ಕ್ರಮ. ಬಿಚ್ಚುವ ಮೊದಲೇ ಹಳೆಯ ಬ್ಯಾಕ್‌ಲ್ಯಾಷ್ ಅಳೆದು ಬರೆದಿಡಿ. ಬೇರಿಂಗಿನ ಮೇಲಿನ ಕ್ಯಾಪುಗಳಿಗೆ ಎಡ ಬಲ ಎಂದು ಪಂಚಿನಿಂದ ಚುಕ್ಕಿ ಹಾಕಿ. ಅವನ್ನು ಆ ಹೌಸಿಂಗಿನ ಜೊತೆಯಲ್ಲೇ ಕೊರೆದಿರುತ್ತಾರೆ, ಅದಲು ಬದಲಾದರೆ ಕೂರುವುದಿಲ್ಲ. ಷಿಮ್ಮುಗಳನ್ನು ತೆಗೆದ ಕಡೆಯ ಹೆಸರು ಬರೆದು ದಾರಕ್ಕೆ ಪೋಣಿಸಿ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಕೊಳ್ಳಿ. ಅವನ್ನು ಒಟ್ಟಿಗೆ ಉಜ್ಜಿ ಹೊಂದಿಸಿರುತ್ತಾರೆ, ಎರಡರ ಮೇಲೂ ಒಂದೇ ನಂಬರು ಕೆತ್ತಿರುತ್ತದೆ. ನಂಬರು ಬೇರೆ ಬೇರೆ ಇದ್ದರೆ ಅಂಗಡಿಯಲ್ಲೇ ವಾಪಸು ಕೊಡಿ.

ಜೋಡಿಸಿದ ಮೇಲೆ ಹಲ್ಲುಗಳಿಗೆ ಗುರುತಿನ ನೀಲಿ ಬಣ್ಣ ಸವರಿ ತಿರುಗಿಸಿ ನೋಡಬೇಕು. ಹಳೆಯ ಮೇಸ್ತ್ರಿಗಳು ಸೀಸದ ಸಿಂಧೂರವನ್ನು ಎಣ್ಣೆಯಲ್ಲಿ ಕಲಸುತ್ತಿದ್ದರು. ಅದು ವಿಷ, ಬೇಡ. ಬಣ್ಣ ಅಳಿಸಿದ ಮಚ್ಚೆ ಹಲ್ಲಿನ ನಡುಭಾಗದಲ್ಲಿ ಬಂದರೆ ಸರಿ. ಹಲ್ಲಿನ ಬುಡಕ್ಕೆ ಬಿದ್ದರೆ ಪಿನಿಯನ್ ಕ್ರೌನಿನ ಕಡೆಗೆ ಹೆಚ್ಚು ನುಗ್ಗಿದೆ. ತುದಿಗೆ ಬಿದ್ದರೆ ಪಿನಿಯನ್ ದೂರ ನಿಂತಿದೆ. ಷಿಮ್ ಬದಲಾಯಿಸಿ ಮತ್ತೆ ನೋಡಿ. ನಮ್ಮ ಗಾಡಿಗೆ ಐದು ಸಲ ಬಿಚ್ಚಿ ಹಾಕಬೇಕಾಯಿತು. ನಾಲ್ಕನೆಯ ಸಲಕ್ಕೆ "ಸಾಕು ಬುಡಿ ಮೇಸ್ತ್ರಿ" ಅಂದೆ. ಅವರು, "ಬೇಸರ ಆದ್ರೆ ಬೀಡಿ ಸೇದಿ ಬಾ. ಅಳತೆಗೆ ನಿನ್ ಬೇಸರ ಗೊತ್ತಾಗಕಿಲ್ಲ" ಅಂದರು. ಆ ಗಾಡಿ ಇವತ್ತಿಗೂ ಸದ್ದಿಲ್ಲದೆ ಓಡುತ್ತಿದೆ.

ಎಣ್ಣೆಯ ವಿಷಯದಲ್ಲೂ ಅಂದಾಜು ಬೇಡ. ಜೀಪು, ಸಣ್ಣ ಗೂಡ್ಸ್ ಗಾಡಿಗಳ ಡಿಫರೆನ್ಷಿಯಲ್ಲಿಗೆ ಸಾಮಾನ್ಯವಾಗಿ ಗೇರ್ ಆಯಿಲ್. ಆದರೆ ಎಣ್ಣೆಯಲ್ಲೇ ಮುಳುಗಿರುವ ಬ್ರೇಕಿನ ಟ್ರ್ಯಾಕ್ಟರುಗಳಲ್ಲಿ ಗೇರು, ಬ್ರೇಕು, ಹೈಡ್ರಾಲಿಕ್ಕಿಗೆ ಒಂದೇ ಎಣ್ಣೆ ಇರಬಹುದು, ಅದೇ ಬೇರೆ ಜಾತಿಯದು. ಅದಕ್ಕೆ ಮಾಮೂಲು ಗೇರ್ ಆಯಿಲ್ ಸುರಿದರೆ ಬ್ರೇಕು ಕೆಡುತ್ತದೆ.

ಈಗ ನಮ್ಮ ಗದ್ದೆಗಳ ವಿಚಾರ. ಇಲ್ಲಿ ಡಿಫರೆನ್ಷಿಯಲ್ಲುಗಳು ಕೆಡಲು ನಮ್ಮದೇ ಎರಡು ಕಾರಣಗಳೂ ಇವೆ. ಕಬ್ಬಿಣದ ಕೇಜ್ ವೀಲ್ ಹಾಕಿ ಕೆಸರಿನಲ್ಲಿ ಓಡಿಸುವಾಗ ಆಕ್ಸಲಿನ ಸೀಲು ಹಳತಾಗಿದ್ದರೆ ನೀರು ಒಳಗೆ ಹೋಗುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ ಎಂದು ತಿಳಿಯಿರಿ. ಆವತ್ತೇ ಎಣ್ಣೆ ಇಳಿಸಿ, ಸೀಲು ಬದಲಾಯಿಸಿ. ಇನ್ನೊಂದು, ಗಾಲಿ ಹೂತಾಗ ಡಿಫರೆನ್ಷಿಯಲ್ ಲಾಕ್ ತುಳಿಯುತ್ತೇವೆ, ಅದು ಸರಿ. ಆದರೆ ಮೇಲೆ ಬಂದ ಮೇಲೂ ಬಿಡದೆ ಹಾಗೇ ತಿರುಗಿಸುತ್ತೇವೆ. ಆಗ ಹೊರಗಾಲಿಗೆ ಆ 13 ಅಡಿ ಹೆಚ್ಚು ಉರುಳಲು ದಾರಿ ಇಲ್ಲ. ಆ ಬಲವೆಲ್ಲ ಗೇರಿನ ಮೇಲೆ ಬೀಳುತ್ತದೆ. ಲಾಕ್ ನೇರಕ್ಕೆ ಹೋಗುವಾಗ ಮಾತ್ರ.

ಕೊನೆಗೆ ದುಡ್ಡಿನ ಮಾತು. ಡಯಲ್ ಗೇಜು ಮತ್ತು ಸ್ಟ್ಯಾಂಡಿಗೆ ನಾನು ಕೊಟ್ಟದ್ದು 2,200. ಎರಡು ಪುಲ್ಲರಿಗೆ 2,400. ಮೈಕ್ರೋಮೀಟರಿಗೆ 1,100. ಫೀಲರ್ ಗೇಜು, ಪ್ಲೈಯರು, ಪಂಚು, ಹಿತ್ತಾಳೆಗೆ 1,400. ಸಾಕೆಟ್ಟು ಮತ್ತು ಹಿಡಿಗೆ 1,300. ಒಟ್ಟು 8,400. ಕೆಲವು ಹೊಸವು, ಕೆಲವು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ಅಲೆದು ಹುಡುಕಿದ ಹಳೆಯವು. ಹಳೆಯ ಗೇಜು ಕೊಳ್ಳುವಾಗ ಮೊನೆ ಒತ್ತಿ ಬಿಡಿ. ಪ್ರತಿ ಸಲವೂ ಮುಳ್ಳು ಅದೇ ಗೆರೆಗೆ ವಾಪಸು ಬಂದರೆ ಕೊಳ್ಳಿ.

8,400 ಒಬ್ಬನಿಗೆ ಹೊರೆಯೇ. ವರ್ಷಕ್ಕೆ ಒಂದು ಸಲವೂ ಬೇಕಾಗದ ಸಾಮಾನಿಗೆ ಯಾರು ಹಾಕುತ್ತಾರೆ? ಆದರೆ ಟ್ರ್ಯಾಕ್ಟರು, ಜೀಪು, ಗೂಡ್ಸ್ ಗಾಡಿ ಇರುವ ಹತ್ತು ಮನೆಗಳು ಸೇರಿದರೆ ಮನೆಗೆ 840 ರೂಪಾಯಿ. ನಾನು ಕಟ್ಟುತ್ತಿದ್ದ ಒಂದು ತಿಂಗಳ ಬಡ್ಡಿ 900. ಒಂದು ತಿಂಗಳ ಬಡ್ಡಿಗಿಂತ ಕಡಿಮೆ ದುಡ್ಡಿಗೆ ಅಳತೆ ನಮ್ಮ ಕೈಗೆ ಬರುತ್ತದೆ. ನಾವು ಹಾಗೆಯೇ ಮಾಡಿದೆವು. ಒಂದು ಮರದ ಪೆಟ್ಟಿಗೆ, ಒಂದು ನೋಟ್ ಪುಸ್ತಕ. ಯಾರು ಒಯ್ದರು, ಯಾವಾಗ ತಂದರು, ಯಾವ ಗಾಡಿಗೆ ಎಷ್ಟು ಅಳತೆ ಬಂತು, ಎಲ್ಲ ಬರೆಯಬೇಕು. ಗೇಜನ್ನು ಒರೆಸಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಬೀಳಿಸಿದವನು ಹೊಸದು ತಂದಿಡಬೇಕು.

ಕಲಿಯುವುದು ಎಲ್ಲಿ ಅಂತ ಕೇಳುತ್ತೀರಿ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ, ರೈತರಿಗೂ ಅಲ್ಲಿ ತರಬೇತಿ ಉಂಟು. ಊರಿನ ಒಬ್ಬ ಹುಡುಗನನ್ನು ಕಳಿಸಿ. ರಾಜ್ಯ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಯಂತ್ರಗಳನ್ನು ಬಾಡಿಗೆಗೆ ಕೊಡಲೆಂದೇ ಹುಟ್ಟಿದವು. ಅಲ್ಲಿ ಇಂಥ ಒಂದು ಅಳತೆ ಪೆಟ್ಟಿಗೆಯನ್ನೂ ಇಡಿ ಎಂದು ನಾವು ಕೇಳಬೇಕು. ಗಾಡಿ ಮಾರುವವರಿಂದ ಸರ್ವಿಸ್ ಪುಸ್ತಕವನ್ನೂ ಕೇಳಬೇಕು. ಗಾಡಿ ಕೊಂಡಾಗ ಕೊಡುವ ಸಣ್ಣ ಪುಸ್ತಕದಲ್ಲಿ ಎಣ್ಣೆ ಹಾಕುವುದು ಹೇಗೆ ಅಂತ ಇರುತ್ತದೆ. ಬ್ಯಾಕ್‌ಲ್ಯಾಷ್ ಎಷ್ಟು ಅಂತ ಇರುವುದಿಲ್ಲ. ಅಮೆರಿಕದ ಕೊಲರಾಡೊ ರಾಜ್ಯದ ರೈತರು ಇದೇ ಹಕ್ಕಿಗಾಗಿ ಹೋರಾಡಿ 2023ರಲ್ಲಿ ಕಾನೂನು ಮಾಡಿಸಿಕೊಂಡರು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಕೃಷಿ ಉಪಕರಣಗಳನ್ನು ಅದರಲ್ಲಿ ಸೇರಿಸಿತು. ದುಡ್ಡು ಕೊಟ್ಟು ಕೊಂಡ ಗಾಡಿಯ ಅಳತೆ ನಮಗೆ ಗೊತ್ತಿರಬೇಕು ಅನ್ನುವುದು ಅತಿಯಾಸೆಯಲ್ಲ.

ಎಲ್ಲ ರಿಪೇರಿಯನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳುವುದಿಲ್ಲ. ಹೌಸಿಂಗ್ ಬಿರುಕು ಬಿಟ್ಟಿದ್ದರೆ, ಬೇರಿಂಗ್ ಕೂರುವ ಜಾಗವೇ ಸವೆದಿದ್ದರೆ ಗ್ಯಾರೇಜಿಗೇ ಹೋಗಿ. ಒಳ್ಳೆಯ ಮೇಸ್ತ್ರಿಯ ಕೂಲಿಗೆ ಚೌಕಾಸಿ ಮಾಡಬೇಡಿ, ಅವರೂ ನಮ್ಮ ಹಾಗೆ ಕೈಯಿಂದ ದುಡಿದು ತಿನ್ನುವವರು. ಆದರೆ ಅಲ್ಲಿ ನಿಂತು ಒಂದು ಮಾತು ಕೇಳಿ: "ಅಣ್ಣ, ಬ್ಯಾಕ್‌ಲ್ಯಾಷ್ ಎಷ್ಟು ಬಂತು? ಗೇಜು ಇಟ್ಟು ತೋರಿಸಿ." ಕಸುಬು ಬಲ್ಲವರು ಖುಷಿಯಿಂದ ತೋರಿಸುತ್ತಾರೆ.

ಮಂಡಿಯಲ್ಲಿ ನಮ್ಮ ಗೊನೆಯನ್ನು ಬೇರೆಯವರು ತೂಗಿದರೂ ಮುಳ್ಳು ನಾವು ನೋಡುತ್ತೇವೆ. ಆ ಅಭ್ಯಾಸವನ್ನೇ ಟ್ರ್ಯಾಕ್ಟರಿನ ಹತ್ತಿರಕ್ಕೂ ತನ್ನಿ. ಮುಂದಿನ ಸಲ ನಾಲೆಗೆ ನೀರು ಬರುವ ಮೊದಲು ನಿಮ್ಮೂರಿನಲ್ಲಿ ಹತ್ತು ಮನೆ ಸೇರಿಸಿ, ಪೆಟ್ಟಿಗೆ ಮಾಡಿ. ನಮ್ಮ ಊರಿನ ನೋಟ್ ಪುಸ್ತಕದಲ್ಲಿ ಬರೆದ ಮೊದಲ ಗಾಡಿ ನನ್ನದೇ. ಅದರ ಪಕ್ಕದಲ್ಲಿ ಇರುವ ಅಳತೆ 0.20.